ಎರೆ ನೆಲಕ್ಕೆ ತಕ್ಕ ಗಾಡಿ

ಸಿಂಧನೂರು
6-8-1989

ಯಜಮಾನರ ಪಾದಕ್ಕೆ ಕನಕಮ್ಮನ ನಮಸ್ಕಾರ.

ನಿಮ್ಮ ಕಾಗದ ತಲುಪಿತು. ಅತ್ತೆಯವರು ಸಾಲಗುಂದದಲ್ಲಿ ಚೆನ್ನಾಗಿದ್ದಾರೆ, ಮೊಣಕಾಲು ನೋವು ಇದ್ದದ್ದೇ. ನಾನೂ ಇದ್ದೇನೆ.

ಅಂಗಡಿಯ ವಿಷಯ ಕೇಳಿದ್ದೀರಿ. ನೀವು ಮಸ್ಕತ್ತಿಗೆ ಹೋಗಿ ನಾಲ್ಕು ವರ್ಷವಾಯಿತು. ಹೋಗುವಾಗ ಹೇಳಿದ ಹಾಗೆಯೇ ಎಲ್ಲ ನಡೆದಿದೆ. ನಿಮ್ಮ ತಮ್ಮ ಗದ್ದೆಪ್ಪ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಾನೆ, ರೇಡಿಯೋ ತಂದವರ ಹೆಸರು ಬರೆದುಕೊಳ್ಳುತ್ತಾನೆ. ನಾನು ಪರದೆಯ ಹಿಂದಿನ ಬೆಂಚಿನಲ್ಲಿ ಕೂತು ರಿಪೇರಿ ಮಾಡುತ್ತೇನೆ. ಪರದೆ ದಾಟಿ ಹೊರಗೆ ಹೋದ ಕೂಡಲೇ ಅದು ಗದ್ದೆಪ್ಪನ ಕೈಗುಣವಾಗುತ್ತದೆ. ಮೊನ್ನೆ ವಳಕಮದಿನ್ನಿಯ ರೈತನೊಬ್ಬ "ಗದ್ದೆಪ್ಪ ಮೇಸ್ತ್ರಿ ಕೈ ಹಚ್ಚಿದ್ರ ಸತ್ತ ರೇಡಿಯೋನೂ ಮಾತಾಡ್ತೈತಿ" ಎಂದು ಹೊಗಳುತ್ತಿದ್ದ. ಮೊದಲೆಲ್ಲ ಇಂಥದ್ದು ಕೇಳಿದರೆ ಒಳಗೆ ಕೂತು ನಗುತ್ತಿದ್ದೆ. ಈಗ ನಗು ಬರುವುದಿಲ್ಲ.

ಅವನಿಗೆ ವಿಡಿಯೋ ಕ್ಯಾಸೆಟ್ಟಿನ ಅಂಗಡಿ ಇಡುವ ಹುಚ್ಚು ಹತ್ತಿದೆ. ರಿಪೇರಿ ಕೆಲಸ ಕಡಿಮೆಯಾಗಿದೆ ಎಂದು ನಿಮಗೆ ಬರೆದನಂತೆ. ಯುಗಾದಿಯ ತನಕ ನೋಡು, ಆಗಲೂ ಕೆಲಸ ಬರದಿದ್ದರೆ ಬೆಂಚು ಕೀಳಿಸಿ ಕನಕಾಳನ್ನು ಅವ್ವನ ಹತ್ತಿರ ಬಿಟ್ಟು ಬಾ ಎಂದು ನೀವು ಅವನಿಗೆ ಬರೆದಿರಿ. ನನಗೆ ಬರೆಯಲಿಲ್ಲ. ಅವನೇ ಓದಿ ಹೇಳಿದ. ಆ ಬೆಂಚು ಬಿಟ್ಟರೆ ನನಗೆ ಈ ಊರಿನಲ್ಲಿ ಏನಿದೆ? ಮಕ್ಕಳಾಗಲಿಲ್ಲ. ನೀವು ಇಲ್ಲಿಲ್ಲ. ಆ ಕೆಲಸ ಕಲಿಸಿದವರು ನೀವೇ, ಕಸಿದುಕೊಳ್ಳುವುದಾದರೆ ನನಗೊಂದು ಮಾತು ಹೇಳಿ ಕಸಿದುಕೊಳ್ಳಬೇಕಿತ್ತು.

ಇರಲಿ. ಒಂದು ದಾರಿ ಕಂಡಿದೆ. ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ಗೋಪಣ್ಣ ನಿಮಗೆ ಗೊತ್ತಲ್ಲ, ಮೂರು ರೈಸ್ ಮಿಲ್ಲಿನ ಮಾಲೀಕ. ಅವರ ಕ್ಯಾಂಪಿನ ಗಂಡಸರೆಲ್ಲ ಮದರಾಸಿನಿಂದ ರಿಮೋಟಿನ ಆಟದ ಗಾಡಿ ತಂದು ಹೊಲದಲ್ಲಿ ಓಡಿಸುತ್ತಾರೆ. ಮೀಸೆ ಬಂದ ಗಂಡಸರೇ, ಮಕ್ಕಳ ಕೈಗೆ ಮುಟ್ಟಿಸುವುದಿಲ್ಲ. ಬರುವ ಸಂಕ್ರಾಂತಿಗೆ ಗೋಪಣ್ಣ ದೊಡ್ಡ ಪಂದ್ಯ ಇಟ್ಟಿದ್ದಾನೆ. ಲಿಂಗಸುಗೂರಿನ ಎರಡು ಅಂಗಡಿಯವರು, ಮಸ್ಕಿಯವರೊಬ್ಬರು ಗಾಡಿ ತರುತ್ತಾರಂತೆ. "ಸಣ್ಣ ಗಾಡಿ ಸರಿ ಇಟ್ಕೊಂಡಾಂವ ನನ್ನ ದೊಡ್ಡ ಮೋಟಾರೂ ಸರಿ ಇಡ್ತಾನ. ಗೆದ್ದ ಅಂಗಡಿಗೇ ಮೂರೂ ಮಿಲ್ಲಿನ ಮೋಟಾರು, ಸ್ಟಾರ್ಟರ್ ಕೆಲಸ" ಎಂದು ಅಂಗಡಿಗೆ ಬಂದು ಹೇಳಿ ಹೋದ. ಆ ಕೆಲಸ ಬಂದರೆ ಬೆಂಚು ಉಳಿಯುತ್ತದೆ.

ನೀವಿರುವುದೇ ಅಂಥ ಗಾಡಿ ಮಾರುವ ಅಂಗಡಿಯಲ್ಲಿ. ಒಂದು ಗಾಡಿ ಆರಿಸಿ ಕಳಿಸಿಕೊಡಿ. ನಾಲ್ಕು ವರ್ಷದಲ್ಲಿ ನಾನು ಬೇರೇನೂ ಕೇಳಿಲ್ಲ.

ನಿಮ್ಮ
ಕನಕಮ್ಮ

*

ಮಸ್ಕತ್
30-8-1989

ಕನಕಾಗೆ ವೆಂಕೋಬನ ಆಶೀರ್ವಾದ.

ಗದ್ದೆಪ್ಪನಿಗೆ ಬರೆದದ್ದನ್ನು ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಅಂಗಡಿಯ ಮಾತು ಗಂಡಸರು ಆಡುವುದೇ ಹಾಗೆ. ನೀನು ಅವ್ವನ ಹತ್ತಿರ ಇದ್ದರೆ ನನಗೂ ಚಿಂತೆ ಇಲ್ಲ ಎಂದು ಬರೆದೆ, ಅಷ್ಟೇ.

ಗಾಡಿಯ ವಿಚಾರ ಕೇಳಿ ಖುಷಿಯಾಯಿತು. ನಮ್ಮ ಅಂಗಡಿಯಲ್ಲಿ ಹೊಲಗದ್ದೆಯಲ್ಲಿ ಓಡುವಂಥವು ಎರಡು ಇವೆ. ಒಂದಕ್ಕೆ ನಾಲ್ಕೂ ಗಾಲಿಗೆ ಮೋಟಾರಿನ ಶಕ್ತಿ ಹೋಗುತ್ತದೆ. ಹೊಟ್ಟೆ ನೆಲಕ್ಕೆ ಹತ್ತಿರ, ಗಾಲಿ ಸಣ್ಣವು, ಮೇಲೆಲ್ಲ ಮುಳ್ಳು, ಗಾಲಿ ತಿರುಗಿಸುವ ರಬ್ಬರಿನ ಪಟ್ಟಿಗಳು ಹೊರಗೇ ಕಾಣುತ್ತವೆ. ಕೆಂಪು ಬಣ್ಣ. ಓಡಿದರೆ ಕಣ್ಣಿಗೆ ಹತ್ತುವುದಿಲ್ಲ. ಇನ್ನೊಂದಕ್ಕೆ ಹಿಂದಿನ ಎರಡೇ ಗಾಲಿಗೆ ಶಕ್ತಿ. ಗಾಲಿ ಎತ್ತರ, ಗೇರುಗಳೆಲ್ಲ ಡಬ್ಬಿಯೊಳಗೆ ಮುಚ್ಚಿವೆ, ನೋಡಲು ಏನೇನೂ ಚೆಂದವಿಲ್ಲ, ವೇಗವೂ ಕಡಿಮೆ. ಎರಡರ ಬ್ಯಾಟರಿಯೂ ಏಳು ನಿಮಿಷಕ್ಕಿಂತ ಹೆಚ್ಚು ಬಾಳುವುದಿಲ್ಲ.

ಪಂದ್ಯ ಎಲ್ಲಿ, ಎಷ್ಟು ಸುತ್ತು, ನೆಲ ಹೇಗಿದೆ ಎಂದು ಗದ್ದೆಪ್ಪನಿಂದ ಬರೆಸು.

ವೆಂಕೋಬ

*

ಸಿಂಧನೂರು
20-9-1989

ಯಜಮಾನರಿಗೆ ನಮಸ್ಕಾರ.

ಗದ್ದೆಪ್ಪನಿಂದ ಬರೆಸು ಎಂದಿದ್ದೀರಿ. ಅವನು ಆ ಹೊಲ ನೋಡಲು ಹೋಗಲಿಲ್ಲ, ಬಿಸಿಲು ಎಂದ. ನಾನು ಹೋಗಿದ್ದೆ. ನೆಲ ತುಳಿದವಳೇ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ.

ವಳಕಮದಿನ್ನಿಗೆ ಹೋಗುವಾಗ ಕಾಲುವೆಯ ಕೆಳಗೆ ಗೋಪಣ್ಣನದು ಒಂದು ಮಡಿ ಇದೆ. ಪಂದ್ಯಕ್ಕೆಂದೇ ಅದನ್ನು ನಾಟಿ ಮಾಡದೆ ಬಿಟ್ಟಿದ್ದಾನೆ. ಸುತ್ತು ನೂರಾ ಎಂಬತ್ತು ಹೆಜ್ಜೆ, ನನ್ನ ಹೆಜ್ಜೆ. ನಡುವೆ ಎರಡು ಬದು ದಾಟಬೇಕು, ಒಂದು ಸಣ್ಣ ನೀರುಗಾಲುವೆ ಇಳಿದು ಏರಬೇಕು. ಒಟ್ಟು ಹತ್ತು ಸುತ್ತು. ಎರೆ ನೆಲ, ಮತ್ತು ಹಸಿ. ಸುತ್ತ ಎಲ್ಲ ಮಡಿಗಳಲ್ಲೂ ನೀರು ನಿಂತಿರುತ್ತದೆ, ಅದರ ಬಸಿನೀರು ಇದಕ್ಕೆ ಬರುತ್ತದೆ. ಕಾಲಿಟ್ಟರೆ ಚಪ್ಪಲಿ ನೆಲದಲ್ಲೇ ಉಳಿಯುತ್ತದೆ.

ಅದಕ್ಕೇ ನನಗೆ ಎರಡನೆಯದು ಬೇಕು, ಚೆಂದವಿಲ್ಲದ್ದು. ಹೊಟ್ಟೆ ಎತ್ತರ ಇದ್ದರೆ ಬದು ದಾಟುತ್ತದೆ. ಗೇರು ಮುಚ್ಚಿದ್ದರೆ ಮಣ್ಣು ಒಳಗೆ ಹೋಗುವುದಿಲ್ಲ. ಕೆಂಪು ಗಾಡಿಯ ಪಟ್ಟಿ ಹೊರಗಿದೆ ಅಂತೀರಿ, ಈ ಎರೆ ಒಂದು ಸುತ್ತಿನಲ್ಲಿ ಅದನ್ನು ಮೆತ್ತಿ ಕೂರಿಸುತ್ತದೆ. ಮೇಲಾಗಿ ಗೇರಿನ ಒಂದು ಹಲ್ಲು ಮುರಿದರೆ ಮಸ್ಕತ್ತಿನಿಂದ ತರಿಸಬೇಕು. ಸಾದಾ ಗಾಡಿಯಾದರೆ ಮಸ್ಕಿಯ ಲೇತಿನಲ್ಲಿ ಮಾಡಿಸಿಕೊಳ್ಳುತ್ತೇನೆ. ವೇಗ ಯಾರಿಗೆ ಬೇಕು? ಕೊನೆಯ ಸುತ್ತಿನ ತನಕ ನಿಲ್ಲದೆ ಹೋಗುವುದು ಬೇಕು.

ನೀವೇ ಮುಟ್ಟಿ ನೋಡಲಿ ಎಂದು ಆ ಮಣ್ಣು ಒಂದು ಮುಷ್ಟಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇದೇ ಕವರಿನಲ್ಲಿ ಇಟ್ಟಿದ್ದೇನೆ.

ನಿಮ್ಮ
ಕನಕಮ್ಮ

*

ಮಸ್ಕತ್
14-10-1989

ಕನಕಾ,

ಮಣ್ಣು ತಲುಪಿತು. ಪ್ಲಾಸ್ಟಿಕ್ಕು ದಾರಿಯಲ್ಲಿ ಹರಿದಿತ್ತು. ಕವರು ಬಿಚ್ಚಿದರೆ ಗಟ್ಟಿ ಹೆಂಟೆ, ಕಲ್ಲಿನಂತೆ. ಮೇಜಿಗೆ ಬಡಿದರೆ ಸದ್ದು ಬಂತು. ನಮ್ಮ ಮಾಲೀಕನಿಗೂ ತೋರಿಸಿದೆ. ಇಷ್ಟು ಒಣ ನೆಲಕ್ಕೆ ಮುಳ್ಳುಗಾಲಿಯ ನಾಲ್ಕು ಗಾಲಿ ಗಾಡಿಯೇ ಸರಿ, ಹಿಡಿತ ಚೆನ್ನಾಗಿರುತ್ತದೆ ಎಂದು ಅವನೂ ಹೇಳಿದ.

ನೀನು ಹಸಿ ಹಸಿ ಎಂದು ಬರೆದಿದ್ದೀಯ. ಈಗ ಹಸಿ ಇರಬಹುದು. ಸಂಕ್ರಾಂತಿಯ ಹೊತ್ತಿಗೆ ಭತ್ತ ಕೊಯ್ದು, ನೆಲ ಒಣಗಿ, ಬಿರುಕು ಬಿಟ್ಟಿರುತ್ತದೆ. ಆ ನೆಲದಲ್ಲಿ ಹುಟ್ಟಿದವನು ನಾನು. ನೀನು ಪಾಮನಕಲ್ಲೂರಿನ ಮಳೆ ಬೇಸಾಯದ ಕಡೆಯವಳು, ಗದ್ದೆಯ ಗುಣ ನಿನಗೆ ಗೊತ್ತಾಗುವುದಿಲ್ಲ. ಇದರಲ್ಲಿ ಬೇಸರ ಪಡುವಂಥದ್ದೇನಿಲ್ಲ.

ಕೆಂಪು ಗಾಡಿ ಕಳಿಸುತ್ತೇನೆ. ಇಲ್ಲೇ ಕೆಲಸಕ್ಕಿರುವ ಮಸ್ಕಿಯ ಕರೀಂಸಾಬ್ ಡಿಸೆಂಬರಿಗೆ ರಜೆಯ ಮೇಲೆ ಬರುತ್ತಾರೆ, ಅವರ ಕೈಯಲ್ಲಿ ಬರುತ್ತದೆ. ಗದ್ದೆಪ್ಪ ನಡೆಸಲಿ.

ವೆಂಕೋಬ

*

ಸಿಂಧನೂರು
5-11-1989

ಯಜಮಾನರಿಗೆ,

ಹಸಿ ಮಣ್ಣು ಕಳಿಸಿದ್ದು ನನ್ನ ದಡ್ಡತನ. ಹದಿನೆಂಟು ದಿನದ ದಾರಿಯಲ್ಲಿ ಅದು ಹೆಂಟೆಯಾಗುತ್ತದೆ ಎಂದು ಹೊಳೆಯಲಿಲ್ಲ. ಕವರಿನಲ್ಲಿ ನೀರು ಹೇಗೆ ಕಳಿಸಲಿ?

ಆದರೆ ನನ್ನ ಮಾತಿಗಿಂತ ಆ ಹೆಂಟೆಯ ಮಾತು ನಿಮಗೆ ಹೆಚ್ಚಾಯಿತಲ್ಲ. ಸಂಕ್ರಾಂತಿಗೆ ನೆಲ ಬಿರುಕು ಬಿಡುತ್ತಿದ್ದದ್ದು ನೀವಿದ್ದಾಗ. ಈಗ ಕಾಲುವೆ ಕೆಳಗೆ ಎರಡನೆಯ ಬೆಳೆ ಹಾಕುತ್ತಾರೆ. ಒಂದು ಭತ್ತ ಕೊಯ್ದು ಕಣ ಮಾಡುವಷ್ಟರಲ್ಲಿ ಇನ್ನೊಂದು ನಾಟಿಗೆ ನೀರು ಬಿಟ್ಟಿರುತ್ತಾರೆ. ನೀವು ಬಿಟ್ಟು ಹೋದ ನೆಲ ಇಲ್ಲಿ ಇಲ್ಲ. ಬಂದು ನೋಡಿದ್ದರೆ ಗೊತ್ತಾಗುತ್ತಿತ್ತು. ಎರಡು ಸಲ ರಜೆ ಸಿಕ್ಕರೂ ಬರಲಿಲ್ಲ.

ನಾನು ಪಾಮನಕಲ್ಲೂರಿನವಳು ನಿಜ. ಹದಿಮೂರು ವರ್ಷದಿಂದ ನಿಮ್ಮ ಕಡೆಯ ಕೆಸರು ತುಳಿಯುತ್ತಿದ್ದೇನೆ, ಅದೂ ನಿಜ.

ಗಾಡಿಯನ್ನು ನಾನೇ ನಡೆಸುತ್ತೇನೆ, ಒಪ್ಪಿಗೆ ಕೊಡಿ. ಗೋಪಣ್ಣನ ಹಳೆಯ ಗಾಡಿಯೊಂದು ರಿಪೇರಿಗೆ ಬಂದಿತ್ತು. ಹಿತ್ತಲಲ್ಲಿ ಓಡಿಸಿ ಕೈ ಕೂರಿಸಿಕೊಂಡಿದ್ದೇನೆ. ಗದ್ದೆಪ್ಪನಿಗೆ ಗಾಡಿ ತನ್ನ ಕಡೆ ಮುಖ ಮಾಡಿ ಬಂದರೆ ಎಡ ಬಲ ತಪ್ಪುತ್ತದೆ. ಇದು ಚಾಡಿಯಲ್ಲ, ಕಂಡದ್ದು.

ಕನಕಮ್ಮ

*

ಮಸ್ಕತ್
27-11-1989

ಕನಕಾ,

ಕರೀಂಸಾಬರು ನಾಳೆ ಹೊರಡುತ್ತಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಕೆಂಪು ಗಾಡಿ, ರಿಮೋಟು, ಎರಡು ಬ್ಯಾಟರಿ ಇವೆ. ಟ್ರ್ಯಾಕ್ಟರಿನ ಬ್ಯಾಟರಿಯಿಂದಲೂ ಚಾರ್ಜು ಮಾಡಬಹುದು.

ನೀನು ನಡೆಸುವ ಮಾತು ಬೇಡ. ಕ್ಯಾಂಪಿನ ಅಷ್ಟು ಗಂಡಸರ ನಡುವೆ ನೀನು ರಿಮೋಟು ಹಿಡಿದು ನಿಂತರೆ, ವೆಂಕೋಬನ ಹೆಂಡತಿ ಹೊಲದಲ್ಲಿ ಆಟ ಆಡಿದಳು ಎಂದು ಮಸ್ಕಿಯ ತನಕ ಸುದ್ದಿಯಾಗುತ್ತದೆ. ಅವ್ವನ ಕಿವಿಗೆ ಬಿದ್ದರೆ ಊಟ ಬಿಡುತ್ತಾಳೆ. ನೀನು ಒಳಗಿನಿಂದ ತಯಾರು ಮಾಡಿ ಕೊಡು. ಅವನು ನಡೆಸುತ್ತಾನೆ.

ವೆಂಕೋಬ

*

ಸಿಂಧನೂರು
22-12-1989

ಯಜಮಾನರಿಗೆ,

ಗಾಡಿ ಬಂತು. ಚೆಂದವಿದೆ. ಮಡಿಗೆ ಒಯ್ದು ಬಿಟ್ಟೆವು. ಅರ್ಧ ಸುತ್ತು ಹೋಗಿ ನಿಂತಿತು. ಎತ್ತಿ ನೋಡಿದರೆ ಹೊಟ್ಟೆಯ ಕೆಳಗೆ ಒಂದು ಸೇರು ಎರೆ. ಮುಳ್ಳುಗಾಲಿ ನಾಲ್ಕೂ ಮಣ್ಣಿನ ಉಂಡೆಯಾಗಿದ್ದವು. ಕ್ಯಾಂಪಿನವರು ನಕ್ಕರು. ಗದ್ದೆಪ್ಪ ಸಿಟ್ಟಿನಿಂದ ಇನ್ನೊಮ್ಮೆ ಓಡಿಸಿ ಕಾಲುವೆಗೇ ಇಳಿಸಿದ. ನಾನು ಸೀರೆ ಎತ್ತಿ ಕಟ್ಟಿ ಇಳಿದು ತಂದೆ.

ಅತ್ತರೆ ಬೇರೆ ಗಾಡಿ ಬರುವುದಿಲ್ಲವಲ್ಲ. ನಾಲ್ಕು ದಿನ ಬೆಂಚಿನ ಮೇಲೆ ಬಿಚ್ಚಿಟ್ಟುಕೊಂಡು ಕೂತೆ. ಹೊರಗಿದ್ದ ಪಟ್ಟಿಗಳಿಗೆ ಸೈಕಲ್ ಟ್ಯೂಬು ಕತ್ತರಿಸಿ ಹೊಲಿದು ಮುಸುಕು ಹಾಕಿದೆ. ಮುಳ್ಳುಗಾಲಿ ತೆಗೆದಿಟ್ಟೆ. ಗದ್ದೆ ಕಲಸುವಾಗ ಟ್ರ್ಯಾಕ್ಟರಿಗೆ ಕಬ್ಬಿಣದ ಪಂಜರದ ಗಾಲಿ ಹಾಕುತ್ತಾರಲ್ಲ, ಅಂಥದ್ದೇ ನಾಲ್ಕು ಅಂಗೈಯಗಲದವು ಬೇಕೆಂದು ವೆಲ್ಡಿಂಗಿನ ದಾದೇಸಾಬರ ಹತ್ತಿರ ಹೋದೆ. ಸೈಕಲ್ಲಿನ ಕಡ್ಡಿ ಬಾಗಿಸಿ ಮಾಡಿಕೊಟ್ಟರು. "ಯವ್ವಾ, ನಲವತ್ತು ವರ್ಷದಾಗ ಇಷ್ಟು ಸಣ್ಣ ಗಾಲಿ ಕಟ್ಟಿಲ್ಲ ಬಿಡು. ಯಾರಿಗಿದು?" ಅಂದರು. ಗದ್ದೆಪ್ಪನಿಗೆ ಎಂದು ಹೇಳಿದೆ. ನನ್ನ ಬಾಯಿಗೆ ಅದು ರೂಢಿಯಾಗಿದೆ.

ಪಂಜರದ ಗಾಲಿಗೆ ಮಣ್ಣು ಅಂಟುವುದಿಲ್ಲ, ಸಂದಿಯಿಂದ ಉದುರಿ ಹೋಗುತ್ತದೆ. ಹೊಟ್ಟೆಯೂ ಎರಡು ಬೆರಳು ಮೇಲೆದ್ದಿದೆ. ಈಗ ಗಾಡಿ ನಿಲ್ಲುವುದಿಲ್ಲ. ನಡೆಸುವವನದೇ ಚಿಂತೆ.

ಕನಕಮ್ಮ

*

ಸಿಂಧನೂರು
16-1-1990

ಯಜಮಾನರಿಗೆ,

ಮೊನ್ನೆ ಭಾನುವಾರ ಪಂದ್ಯವಾಯಿತು. ಏಳು ಗಾಡಿಗಳಲ್ಲಿ ನಮ್ಮದೇ ಗೆದ್ದಿತು. ಗದ್ದೆಪ್ಪನಿಗೆ ಹಾರ ಹಾಕಿದರು. ಮಿಲ್ಲಿನ ಕೆಲಸ ನಮ್ಮ ಅಂಗಡಿಗೇ ಎಂದು ಗೋಪಣ್ಣ ಎಲ್ಲರ ಮುಂದೆ ಹೇಳಿದ.

ನನಗೆ ಬಹಳ ಸಂತೋಷವಾಗಿದೆ. ಬೆಂಚು ಉಳಿಯಿತು. ಹೆಚ್ಚಿಗೆ ಬರೆಯಲು ತೋಚುತ್ತಿಲ್ಲ.

ಕನಕಮ್ಮ

*

ಮಸ್ಕತ್
8-2-1990

ಕನಕಾಗೆ ವೆಂಕೋಬನ ಆಶೀರ್ವಾದ.

ಗದ್ದೆಪ್ಪನ ಕಾಗದವೂ ಫೋಟೋವೂ ಬಂದವು. ಹಾರ ಹಾಕಿಕೊಂಡು, ಕೆಂಪು ಗಾಡಿಯನ್ನು ಎತ್ತಿ ಹಿಡಿದು ನಿಂತಿದ್ದಾನೆ. ಇಲ್ಲಿ ಎಲ್ಲರಿಗೂ ತೋರಿಸಿದೆ. ನಾನು ಆರಿಸಿದ ಗಾಡಿ, ನನ್ನ ತಮ್ಮನ ಕೈ. ನೀನು ಆ ಕುರೂಪಿ ಗಾಡಿಯೇ ಬೇಕು ಎಂದು ಹಟ ಹಿಡಿದಿದ್ದೆ, ಈಗ ಒಪ್ಪುತ್ತೀಯಲ್ಲ.

ಇಷ್ಟು ದಿನ ಗದ್ದೆಪ್ಪನ ಕೈಯಲ್ಲಿ ಏನಾಗುತ್ತದೆ ಎಂಬ ಅನುಮಾನ ನನಗೂ ಇತ್ತು, ಸುಳ್ಳು ಹೇಳುವುದಿಲ್ಲ. ಈಗ ಹೋಯಿತು. ಅಷ್ಟು ಸೂಕ್ಷ್ಮದ ಯಂತ್ರ ನಡೆಸಿದವನಿಗೆ ಮಿಲ್ಲಿನ ಸ್ಟಾರ್ಟರ್ ಯಾವ ಲೆಕ್ಕ? ಅಂಗಡಿಯನ್ನು ಅವನ ಹೆಸರಿಗೆ ಮಾಡಲು ಕಾಗದ ಕಳಿಸಿದ್ದೇನೆ. ಬೆಂಚನ್ನು ಪರದೆಯಿಂದ ಮುಂದಕ್ಕೆ ತಂದು ಅವನೇ ಕೂರಲಿ.

ನೀನು ಬಹಳ ದಣಿದಿದ್ದೀಯ. ಇನ್ನು ಮುಂದೆ ಆ ಬೆಸುಗೆಯ ಹೊಗೆ, ಸೀಸದ ವಾಸನೆ ನಿನಗೆ ಬೇಡ. ಈ ತಿಂಗಳೇ ಸಾಲಗುಂದಕ್ಕೆ ಹೋಗಿ ಅವ್ವನನ್ನು ನೋಡಿಕೊಂಡು ನೆಮ್ಮದಿಯಾಗಿರು. ಗದ್ದೆಪ್ಪ ಜೊತೆಗೆ ಬಂದು ಬಿಟ್ಟು ಹೋಗುತ್ತಾನೆ.

ವೆಂಕೋಬ

*

ಪಾಮನಕಲ್ಲೂರು
4-3-1990

ವೆಂಕೋಬ ಅವರಿಗೆ,

ಗಂಡನ ಹೆಸರು ಹಿಡಿದು ಬರೆಯುವುದು ನಮ್ಮಲ್ಲಿ ಇಲ್ಲ. ಇವತ್ತು ಬರೆದಿದ್ದೇನೆ.

ಸಂಕ್ರಾಂತಿಯ ದಿನ ನಡೆದದ್ದು ಏನು ಎಂದು ಈಗ ಹೇಳುತ್ತೇನೆ. ಆಗ ಹೇಳಿದ್ದರೆ ಮಾತು ಗೋಪಣ್ಣನಿಗೆ ಮುಟ್ಟಿ ಮಿಲ್ಲಿನ ಕೆಲಸ ತಪ್ಪೀತು ಎಂದು ಅಂಜಿದ್ದೆ.

ಪಂದ್ಯಕ್ಕೆ ಮೂರು ದಿನ ಇರುವಾಗ ಗದ್ದೆಪ್ಪ ಪರದೆ ಸರಿಸಿ ಒಳಗೆ ಬಂದ. "ಅತ್ತಿಗಿ, ಇದು ನನ್ನ ಕೈಲೆ ಆಗಂಗಿಲ್ಲ. ಅಷ್ಟು ಮಂದಿ ಮುಂದ ಗಾಡಿ ಕಾಲುವಿಗೆ ಬಿದ್ರ ನಾ ಊರಾಗ ಮುಖ ಹೆಂಗ ತೋರಿಸ್ಲಿ? ನೀನ ನಡಸು, ನಾ ಸುಮ್ಮ ನಿಂದರ್ತೀನಿ" ಅಂದ. ಅವನು ಅತ್ತದ್ದನ್ನು ನಾನು ಅದೇ ಮೊದಲು ಕಂಡದ್ದು. ಕನಿಕರ ಬಂತು. ಬೆಂಚಿನ ಆಸೆಯೂ ಇತ್ತು.

ರಿಮೋಟಿನೊಳಗೆ ಹುಣಸೆ ಬೀಜದಷ್ಟು ಒಂದು ಕ್ರಿಸ್ಟಲ್ ಇರುತ್ತದೆ, ಗಾಡಿ ಕೇಳುವುದು ಅದರ ಮಾತನ್ನು. ನಿಮಗೆ ಗೊತ್ತಿರುವುದೇ. ನೀವು ಕಳಿಸಿದ ರಿಮೋಟಿನಿಂದ ಅದನ್ನು ತೆಗೆದು, ರಿಪೇರಿಗೆ ಬಂದು ನಮ್ಮಲ್ಲೇ ಉಳಿದಿದ್ದ ಗೋಪಣ್ಣನ ಹಳೆಯ ರಿಮೋಟಿಗೆ ಹಾಕಿದೆ. ಗದ್ದೆಪ್ಪನ ಕೈಯಲ್ಲಿದ್ದದ್ದಕ್ಕೆ ದೀಪ ಹತ್ತುತ್ತಿತ್ತು, ಅಷ್ಟೇ. ಅವನು ಗಂಡಸರ ಮುಂದೆ ನಿಂತು ರಿಮೋಟಿನ ಕಡ್ಡಿ ಅಲ್ಲಾಡಿಸಿದ. ನಾನು ಕಾಲುವೆ ದಂಡೆಯ ಮೇಲೆ ಹೆಂಗಸರ ನಡುವೆ ಕೂತಿದ್ದೆ. ಸಜ್ಜೆ ರೊಟ್ಟಿಯ ಬುಟ್ಟಿಯಲ್ಲಿ ರಿಮೋಟು, ಮೇಲೆ ಸೆರಗು. ಏರಿಯಲ್ ಕಡ್ಡಿ ಕಾಣಬಾರದೆಂದು ತೊಡೆಯ ಮೇಲೆ ಕಬ್ಬಿನ ಜಲ್ಲೆಗಳ ಕಟ್ಟು ಇಟ್ಟುಕೊಂಡು ಅದರೊಳಗೆ ತೂರಿಸಿದ್ದೆ. ಪಕ್ಕದಲ್ಲಿ ನೆರೆಮನೆಯ ಯಮನೂರಮ್ಮ ಕೂತಿದ್ದಳು, ಕಬ್ಬು ಕೊಡು ಕೊಡು ಎಂದು ಪೀಡಿಸುತ್ತಲೇ ಇದ್ದಳು. ಆಮೇಲೆ ಕೊಡ್ತೀನಿ ತಡಿ ಅಂದೆ.

ಮೂರನೆಯ ಸುತ್ತಿಗೆ ಲಿಂಗಸುಗೂರಿನವರ ಎರಡೂ ಗಾಡಿ ಮಣ್ಣು ತಿಂದು ಕೂತವು. ಐದಕ್ಕೆ ಮಸ್ಕಿಯವರದು. ಕ್ಯಾಂಪಿನ ಒಂದು ಗಾಡಿ ಮಾತ್ರ ನನ್ನ ಮುಂದೆ ಇತ್ತು, ಅದು ಬದು ಹಾರಿ ಹಾರಿ ಬ್ಯಾಟರಿ ಸುಟ್ಟುಕೊಂಡಿತು. ನಾನು ಆತುರ ಮಾಡಲಿಲ್ಲ. ಬದುವಿಗೆ ಓರೆಯಾಗಿ ಏರಿಸಿದೆ, ನೀರುಗಾಲುವೆಗೆ ನಿಧಾನ ಇಳಿಸಿದೆ. ಒಂಬತ್ತನೆಯ ಸುತ್ತಿನಲ್ಲಿ ಅದನ್ನು ದಾಟಿದೆ. ನನಗೆ ಮೂವತ್ತೊಂದು ವರ್ಷ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ, ಇದನ್ನು ನಿಮಗೆ ನೋಯಲಿ ಎಂದೇ ಬರೆಯುತ್ತಿದ್ದೇನೆ.

ಗೆದ್ದ ಮೇಲೆ ಗೋಪಣ್ಣ ಅವನ ಬೆನ್ನು ತಟ್ಟಿ "ಏನ್ ಕೈಯಪ್ಪ ನಿಂದು, ಟ್ರ್ಯಾಕ್ಟರ್ ಗಾಲಿ ಹಚ್ಚೋ ತಲಿ ಯಾರಿಗೆ ಬರ್ತೈತಿ" ಅಂದ. ಗದ್ದೆಪ್ಪ ನನ್ನ ಕಡೆ ಒಮ್ಮೆ ನೋಡುತ್ತಾನೆ ಅಂದುಕೊಂಡೆ. ನೋಡಲಿಲ್ಲ. ಅವನಿಗೆ ಆ ಹೊತ್ತಿಗೆ ತಾನೇ ನಡೆಸಿದೆ ಎಂದು ಅನಿಸಿತ್ತೋ ಏನೋ.

ಬೆಂಚು ಉಳಿಸಿಕೊಳ್ಳಲು ಗೆದ್ದೆ. ನಾನು ಗೆದ್ದದ್ದನ್ನೇ ತೋರಿಸಿ ನೀವು ಬೆಂಚು ಕಿತ್ತುಕೊಂಡಿರಿ. ನಿಮ್ಮ ಕಾಗದ ಬಂದಾಗ, ಹೋಗಲಿ, ನಿಜ ಹೇಳೋ ಎಂದು ಗದ್ದೆಪ್ಪನನ್ನು ಕೇಳಿದೆ. "ಅಣ್ಣ ಹೇಳ್ಯಾನಲ್ಲ ಅತ್ತಿಗಿ, ನಾ ಏನ್ ಮಾಡ್ಲಿ" ಅಂದು ಬೀಗದ ಕೈ ಕೇಳಿದ. ಕೊಟ್ಟೆ.

ಸಾಲಗುಂದಕ್ಕೆ ಹೋಗಲಿಲ್ಲ. ತವರಿಗೆ ಬಂದಿದ್ದೇನೆ. ಬರುವ ಭಾನುವಾರ ಗೋಪಣ್ಣ ತನ್ನ ನೆಂಟರಿಗೆ ಗಾಡಿ ಓಡಿಸಿ ತೋರಿಸಲು ಗದ್ದೆಪ್ಪನನ್ನು ಲಿಂಗಸುಗೂರಿಗೆ ಕರೆದೊಯ್ಯುತ್ತಾನೆ. ಕ್ರಿಸ್ಟಲ್ಲನ್ನು ಅವನ ರಿಮೋಟಿಗೆ ತಿರುಗಿ ಹಾಕಿ ಬಂದಿದ್ದೇನೆ. ಗಾಡಿಯಲ್ಲಿ ಒಂದೂ ದೋಷವಿಲ್ಲ. ನಡೆಸಲಿ.

ಕನಕಮ್ಮ

*

ಮಸ್ಕತ್
2-4-1990

ಪ್ರೀತಿಯ ಕನಕಾಗೆ,

ಲಿಂಗಸುಗೂರಿನಲ್ಲಿ ಆದದ್ದನ್ನು ಗದ್ದೆಪ್ಪ ಬರೆದಿದ್ದಾನೆ. ಮೊದಲ ತಿರುವಿನಲ್ಲೇ ಗಾಡಿ ನೆಂಟರ ಊಟದ ಪಂಕ್ತಿಗೆ ನುಗ್ಗಿತಂತೆ. ಗೋಪಣ್ಣ ಅಲ್ಲಿಂದಲೇ ಎದ್ದು ಹೋದನಂತೆ. ಎರಡು ಮಿಲ್ಲಿನ ಸ್ಟಾರ್ಟರ್ ಹದಿನೈದು ದಿನದಿಂದ ಬಿಚ್ಚಿದ್ದು ಬಿಚ್ಚಿದ ಹಾಗೇ ಬಿದ್ದಿವೆ. ನೀನು ಬರೆದದ್ದೆಲ್ಲ ನಿಜವೆಂದು ಅವನು ಒಪ್ಪಿದ್ದಾನೆ.

ನಾನೂ ಒಪ್ಪುತ್ತೇನೆ. ಎರಡು ದಿನ ನಿದ್ದೆ ಬರಲಿಲ್ಲ. ನಿನ್ನ ಕೈ ಇಲ್ಲದೆ ಆ ಅಂಗಡಿ ಇಲ್ಲ. ನಿನಗೆ ಅನ್ಯಾಯವಾಗಿದೆ, ಅದನ್ನು ಸರಿ ಮಾಡುತ್ತೇನೆ. ಬೆಂಚನ್ನು ಮತ್ತೆ ಪರದೆಯ ಹಿಂದೆ ಹಾಕಲು ಗದ್ದೆಪ್ಪನಿಗೆ ಬರೆದಿದ್ದೇನೆ. ಇನ್ನು ಅದನ್ನು ಯಾರೂ ಮುಟ್ಟುವುದಿಲ್ಲ, ನನ್ನ ಮಾತು. ಮುಂದೆ ಅವನೇ ಕೂರಲಿ, ಜನ ಅವನಿಗೆ ಒಗ್ಗಿದ್ದಾರೆ. ಲಿಂಗಸುಗೂರಿನಲ್ಲಿ ಜ್ವರವಿತ್ತು, ಕೈ ತಪ್ಪಿತು ಎಂದು ಗೋಪಣ್ಣನಿಗೆ ಹೇಳಿದರೆ ಆಯಿತು. ಮುಂಗಾರಿಗೆ ಇನ್ನೊಂದು ಪಂದ್ಯ ಇಡುತ್ತಾನಂತೆ.

ಅದಕ್ಕೆ ಈ ಸಲ ನೀನು ಕೇಳಿದ ಎತ್ತರ ಗಾಲಿಯ ಗಾಡಿಯನ್ನೇ ಪಾಮನಕಲ್ಲೂರಿಗೆ ಪಾರ್ಸೆಲ್ ಮಾಡಿದ್ದೇನೆ. ಹಳೆಯ ರಿಮೋಟು ಹುಡುಕಿ ತೊಂದರೆ ಪಡಬಾರದೆಂದು ಎರಡು ಹೊಸ ರಿಮೋಟು ಇಟ್ಟಿದ್ದೇನೆ. ಕ್ರಿಸ್ಟಲ್ ಇರುವುದು ನಿನಗೆ. ಖಾಲಿ ಇರುವುದು ಅವನಿಗೆ. ನಿನ್ನದರ ಏರಿಯಲ್ಲು ಗಿಡ್ಡದು, ಸೆರಗಿನಲ್ಲಿ ಕಾಣುವುದಿಲ್ಲ. ಮಾಲೀಕನಿಗೆ ಹೇಳಿ ಬೇಕೆಂದೇ ತರಿಸಿದೆ.

ಈಗ ನಿನಗೆ ಸಮಾಧಾನವಾಗಬೇಕು. ಬೇಗ ಸಿಂಧನೂರಿಗೆ ಹೋಗು.

ನಿನ್ನ
ವೆಂಕೋಬ

*

ಮಸ್ಕಿ
6-5-1990

ವೆಂಕೋಬ ಅವರಿಗೆ,

ಪಾರ್ಸೆಲ್ ಬಂತು. ಗಾಡಿ ನಾನು ಕೇಳಿದ್ದೇ, ಆ ನೆಲಕ್ಕೆ ಹೇಳಿ ಮಾಡಿಸಿದ್ದು. ಇದನ್ನು ಮೊದಲೇ ಕಳಿಸಿದ್ದರೆ ಎಂದು ಒಂದು ದಿನವಿಡೀ ಯೋಚಿಸಿದೆ. ಕಳಿಸಿದ್ದರೂ ಇಷ್ಟೇ ಆಗುತ್ತಿತ್ತು.

ಗಾಡಿಯನ್ನೂ ಖಾಲಿ ರಿಮೋಟನ್ನೂ ಗದ್ದೆಪ್ಪನಿಗೆ ಮುಟ್ಟಿಸಿದ್ದೇನೆ. ಕ್ರಿಸ್ಟಲ್ ಇರುವ ರಿಮೋಟನ್ನು ನಿಮಗೇ ರಿಜಿಸ್ಟರ್ ಅಂಚೆಯಲ್ಲಿ ತಿರುಗಿ ಕಳಿಸಿದ್ದೇನೆ. ಅಲ್ಲಿಂದಲೇ ನಡೆಸಿ. ನನ್ನನ್ನು ಇಷ್ಟು ವರ್ಷ ನಡೆಸಲಿಲ್ಲವೇ.

ಕರೀಂಸಾಬರ ಹೆಂಡತಿ ಸಕೀನಾಬೀ ಮಸ್ಕಿಯಲ್ಲಿ ತನ್ನ ಹೊಲಿಗೆ ಮಷೀನಿನ ಪಕ್ಕ ಒಂದು ಮೇಜಿನಷ್ಟು ಜಾಗ ಕೊಟ್ಟಿದ್ದಾಳೆ, ರಸ್ತೆಗೆ ಮುಖ ಮಾಡಿ. ಕೂತು ಹನ್ನೊಂದು ದಿನವಾಯಿತು. ಎರಡು ಟಾರ್ಚು ಬಂದವು. ಇವತ್ತು ಹುಸೇನಮ್ಮ ಎಂಬಾಕೆ ರೇಡಿಯೋ ತಂದು "ಮೇಸ್ತ್ರಿ ಎಲ್ಲಿ ಹೋಗ್ಯಾನ?" ಎಂದು ಕೇಳಿದಳು. ನಾನೇ ಅಂದೆ. ಅವಳು ನನ್ನ ಮುಖ ನೋಡಿದಳು, ಮೇಜು ನೋಡಿದಳು, "ಹಂಗಾದ್ರ ಆಂವ ಬಂದ ಮ್ಯಾಲ ಬರ್ತೀನಿ ಬಿಡವ್ವ" ಎಂದು ರೇಡಿಯೋ ಎತ್ತಿಕೊಂಡು ಹೋದಳು.

ಕನಕಮ್ಮ
ರೇಡಿಯೋ, ಸ್ಟಾರ್ಟರ್ ರಿಪೇರಿ, ಮಸ್ಕಿ